ಕಲಿಯುವ ಹುಡುಗ ಒಬ್ಬನೇ, ಪಾಲಿಸಿ ಮಾತ್ರ ಎರಡು

ಮಿಶ್ರಿಕೋಟಿಯಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಕರಾವಳಿ ಕಡೆಯ ಒಬ್ಬರು ಕಾಕ ಮೊನ್ನೆ ಇಶಾ ನಮಾಝ್ ಆದ ಮೇಲೆ ಕಾಗದದ ಕಟ್ಟು ಹಿಡಿದುಕೊಂಡು ಬಂದರು. ಮನೆಯಲ್ಲಿ ಬೈಕ್ ಮೊದಲಿನಿಂದಲೂ ಇದೆ. ಈಗ ಹುಬ್ಬಳ್ಳಿಯಿಂದ ಒಂದು ಹಳೇ ಕಾರು ತಂದಿದ್ದಾರೆ. ಹದಿನೆಂಟು ತುಂಬಿದ ಮಗ ಎಲ್‌ಎಲ್‌ಆರ್ ಮಾಡಿಸಿದ್ದಾನೆ.

"ಉಸ್ತಾದರೇ, ಬೈಕಿಗೆ ಇನ್ಶುರೆನ್ಸ್ ಉಂಟು. ಓಡಿಸುವವ ಇವ ಒಬ್ಬನೇ ಅಲ್ವಾ? ಅದೇ ಕಾರಿಗೂ ಸಾಕಾಗುದಿಲ್ವಾ?"

ಸಾಕಾಗುವುದಿಲ್ಲ. ನಮ್ಮ ದೇಶದಲ್ಲಿ ಇನ್ಶುರೆನ್ಸ್ ಮಾಡುವುದು ಗಾಡಿಗೆ, ಓಡಿಸುವವನಿಗಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಕನಿಷ್ಠ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕಲಿಯುವವನು ಅಂತ ಥರ್ಡ್ ಪಾರ್ಟಿ ಕಂತು ಹೆಚ್ಚಾಗುವುದಿಲ್ಲ. 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರದಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ. ತೆರಿಗೆ ಬೇರೆ.

ಕಟ್ಟು ಬಿಚ್ಚಿ ನೋಡಿದಾಗ ಎರಡು ತಪ್ಪು ಕಂಡವು. ಕಾರಿನ ಪಾಲಿಸಿ ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಇತ್ತು. ಗಾಡಿ ಕೈ ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಬೇರೆಯವರಿಗೆ ಆಗುವ ಹಾನಿಯ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ, ನಮ್ಮ ಕಾರಿಗೆ ಆಗುವ ಡ್ಯಾಮೇಜಿನದ್ದು ಬರುವುದಿಲ್ಲ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ಸೂ ನಮಗಲ್ಲ. ಬೈಕಿನ ಬೋನಸ್ ಕಾರಿಗೆ ಹಾಕಿಸೋಣ ಅಂದ್ರೆ ಅದೂ ನಡೆಯುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಹುಡುಗನ ಎಲ್‌ಎಲ್‌ಆರ್‌ನಲ್ಲಿ ಇದ್ದದ್ದು ಗೇರ್ ಬೈಕ್ ಮಾತ್ರ. ಒಂದೇ ಎಲ್‌ಎಲ್‌ಆರ್‌ನಲ್ಲಿ ಬೈಕ್, ಕಾರು ಎರಡನ್ನೂ ಹಾಕಿಸಬಹುದಿತ್ತು, ಯಾರೂ ಹೇಳಲಿಲ್ಲ. ಆದರೂ ಅವನು ಎರಡು ದಿನ ಕಲಘಟಗಿ ಕಡೆ ಕಾರು ಓಡಿಸಿ ಬಂದಿದ್ದಾನೆ, ಪಕ್ಕದಲ್ಲಿ ಅವನಷ್ಟೇ ವಯಸ್ಸಿನ ಸ್ನೇಹಿತ. ಕಾಕನಿಗೆ ಇದು ಗೊತ್ತಾದದ್ದೇ ಆವಾಗ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಎಲ್‌ಎಲ್‌ಆರ್ ಇದ್ದವನನ್ನು ಪಾಲಿಸಿ ಹೊರಗಿಡುವುದಿಲ್ಲ. ಆದರೆ ಅವನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಅಂತ ಅದರಲ್ಲೇ ಬರೆದಿರುತ್ತದೆ. ಅಂದರೆ ಆ ಗಾಡಿಯ ಪಕ್ಕಾ ಲೈಸೆನ್ಸ್ ಇದ್ದವರು ಗಾಡಿ ನಿಲ್ಲಿಸಲು ಆಗುವ ಹಾಗೆ ಪಕ್ಕದಲ್ಲಿ ಕೂತಿರಬೇಕು. ಹಿಂದೆ ಮುಂದೆ ಬಿಳಿ ಹಲಗೆಯಲ್ಲಿ ಕೆಂಪು 'ಎಲ್' ಇರಬೇಕು. ಬೈಕಿನಲ್ಲಾದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ತಂಗಿಯನ್ನು ಶಾಲೆಗೆ ಬಿಟ್ಟು ಬಾ ಅಂತ ನಾವೇ ಕಳಿಸುತ್ತೇವಲ್ಲ, ಅದೂ ತಪ್ಪು.

2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎಲ್‌ಎಲ್‌ಆರ್ ಕೂಡ ಲೈಸೆನ್ಸೇ ಎಂದು ಹೇಳಿತು. ಷರತ್ತು ಮುರಿದ ಪ್ರಕರಣಗಳಲ್ಲಿ ಗಾಯಗೊಂಡವರಿಗೆ ಕಂಪನಿಯೇ ಮೊದಲು ಹಣ ಕೊಟ್ಟು, ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲಿ ಮಾಡುವ ದಾರಿಯನ್ನೂ ಆ ತೀರ್ಪು ಹೇಳಿದೆ. ಮಾಲೀಕ ಅಂದ್ರೆ ಇಲ್ಲಿ ಕಾಕ. ಬೇಕರಿ, ಮನೆ ಎಲ್ಲಾ ಅವರ ಹೆಸರಲ್ಲೇ ಇದೆ. ಇನ್ನೊಂದು ವಿಷಯ: ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ. ಎರಡು ಗಾಡಿ ಇದ್ದವರಿಗೆ ಅದು ಒಂದು ಸಾಕು, ಎರಡು ಸಲ ಹಣ ಕಟ್ಟಬೇಕಿಲ್ಲ. ಆದರೆ ಓಡಿಸುತ್ತಿದ್ದ ಮಗನಿಗೆ ಏಟಾದರೆ ಆ 15 ಲಕ್ಷ ಅವನಿಗಲ್ಲ.

ವಿಮೆ ನಮಗೆ ಆಗುತ್ತದಾ ಅಂತ ಕಾಕ ಕೇಳಿಯೇ ಕೇಳಿದರು. ಕಾನೂನೇ ಕಡ್ಡಾಯ ಮಾಡಿದ ವಿಮೆಗೆ ಅನಿವಾರ್ಯತೆಯಿಂದ ಅನುಮತಿ ಇದೆ ಎಂದ ಉಲಮಾಗಳಿದ್ದಾರೆ. ಫುಲ್ ಇನ್ಶುರೆನ್ಸಿನ ಬಗ್ಗೆ ಅವರವರ ಖತೀಬರನ್ನು ಕೇಳಿಕೊಳ್ಳಲಿ. ದಾರಿಯಲ್ಲಿ ಹೋಗುವವನ ಕಾಲು ಮುರಿದರೆ ಅವನ ಹಕ್ಕು ನಮ್ಮ ಮೇಲೆ ಬಾಕಿ ಇರುತ್ತದೆ. ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ.

ಮರುದಿನವೇ ಪಾಲಿಸಿಯ ಹೆಸರು ಬದಲಿಸಲು ಅರ್ಜಿ ಹೋಯಿತು, ಕಾರಿನ ಎಲ್‌ಎಲ್‌ಆರ್‌ಗೂ ಹಾಕಿದ್ದಾರೆ. ಅದು ಸಿಕ್ಕಿ 30 ದಿನ ಆಗದೆ ಲೈಸೆನ್ಸ್ ಪರೀಕ್ಷೆಗೆ ಹೋಗುವ ಹಾಗಿಲ್ಲ, ಆರು ತಿಂಗಳು ಮೀರಿದರೆ ಅದು ನಡೆಯುವುದೂ ಇಲ್ಲ. ಸದ್ಯಕ್ಕೆ ಕಾರು ಬೇಕರಿ ಹಿಂದೆ ನಿಂತಿದೆ, ಕೀ ಉಮ್ಮನ ಹತ್ತಿರ ಇದೆ.