ರಾಗಿ ಹೊಲದಲ್ಲಿ ಮನೆಮಂದಿಯ ದುಡಿಮೆ

ಎರಡು ಎಕರೆ ಖುಷ್ಕಿಯ ಸಣ್ಣ ರೈತನಿಗೆ ಕೂಲಿಯಾಳೆಂದರೆ ಮನೆಮಂದಿಯೇ. ಕೆಲಸದ ಹದ ತಪ್ಪಿದರೆ ನಷ್ಟವೂ ಅವರದೇ.

ಜುಲೈ ತಿಂಗಳ ಮಳೆಗೆ ಕೂರಿಗೆಯಿಂದ ಬಿತ್ತಿದರೆ ಎಕರೆಗೆ ರಾಗಿ ಬೀಜ 4ರಿಂದ 5 ಕಿಲೋ ಸಾಕು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರವಿರಲಿ. ಕೈಯಿಂದ ಚೆಲ್ಲಿದ ಹೊಲದಲ್ಲಿ ಎಡೆಕುಂಟೆ ಆಡುವುದಿಲ್ಲ. ಆಗ ಕಳೆಯ ಭಾರವೆಲ್ಲ ಬಗ್ಗಿ ದುಡಿಯುವ ಹೆಂಗಸರ ಸೊಂಟದ ಮೇಲೆ ಬೀಳುತ್ತದೆ. ಬೀಜ ಚೆಲ್ಲುವಾಗ ಗಂಡಸರು ಇದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿತ್ತಿದ ಮೂರು ವಾರಕ್ಕೊಮ್ಮೆ, ಅನಂತರ ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಎಡೆಕುಂಟೆ ಹಾಯಿಸಿದರೆ, ಸಾಲಿನೊಳಗೆ ಉಳಿದ ಕಳೆಯನ್ನಷ್ಟೇ ಕೈಯಿಂದ ಕಿತ್ತರಾಯಿತು. ಮೊದಲ ಐದಾರು ವಾರ ಎಳೆಯ ರಾಗಿ ಪೈರು ಕಳೆಯೊಡನೆ ಸೆಣಸಲಾರದು. ಜಡಿಮಳೆ ಹಿಡಿದು ಕುಂಟೆ ನಿಂತರೆ, ಹೊಲ ಕಾಲಿಡುವಷ್ಟು ಆರಿದ ಕೂಡಲೇ ಎಲ್ಲರೂ ಇಳಿಯಬೇಕು. ಹಬ್ಬ, ನಂಟರ ಮನೆಯೆಂದು ಮುಂದೂಡಿದರೆ ತೆನೆ ಬಡವಾಗುತ್ತದೆ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಅಕ್ಕಡಿಯಾಗಿ ಹಾಕುವುದು ಒಳ್ಳೆಯದು. ರಾಗಿ ಕೊಯ್ಲಾದ ಮೇಲೂ ತೊಗರಿ ಹೊಲದಲ್ಲೇ ನಿಂತಿರುವುದರಿಂದ ಎರಡು ಕೊಯ್ಲು ಒಟ್ಟಿಗೆ ಮೈಮೇಲೆ ಬೀಳುವುದಿಲ್ಲ, ಬೇಳೆಯೂ ಮನೆಯದೇ ಆಗುತ್ತದೆ. ಬಿತ್ತನೆಗೆ ಬೇಕಾದ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ, ರೋಗವಿಲ್ಲದ ಗಿಡಗಳಿಂದ ಬೇರೆಯಾಗಿ ಆರಿಸಿಡಬೇಕು. ಕಣದ ರಾಶಿಯಿಂದ ಬೀಜ ತೆಗೆಯಬಾರದು.