ಬಣ್ಣ ನೋಡಿ ಗ್ಲಾಡಿಯೋಲಸ್ ಆರಿಸಿ, ಗೆಡ್ಡೆ ರಾಸಿಗೆ ಸಿಗದಂತೆ ಇಡಿ

ಮನೆ ಮುಂದೆ ನಾಲ್ಕು ಸಾಲು ಹೂವಿರಲಿ ಎನ್ನುವ ಸದಸ್ಯರಿಗೆ ಗ್ಲಾಡಿಯೋಲಸ್ ಒಳ್ಳೆಯ ಗಿಡ. ಗೆಡ್ಡೆ ನೋಡಿ ಹೂವಿನ ಬಣ್ಣ ಹೇಳಲಾಗದು. ತಳಿಯ ಹೆಸರು ಕೇಳಿಯೇ ಕೊಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ‘ಮೀರಾ’ ಬಿಳಿ, ‘ಪೂನಂ’ ಹಳದಿ, ‘ಶೋಭಾ’ ತಿಳಿ ಗುಲಾಬಿ. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಹೂವು ಎದ್ದು ಕಾಣದು. ಅಲ್ಲಿಗೆ ಹಳದಿ ಅಥವಾ ಗುಲಾಬಿ ಇರಲಿ. ಹಸಿರು ಬೇಲಿಯ ಮುಂದೆ ಬಿಳಿಯೇ ಸೊಗಸು. ಒಂದೊಂದು ಬಣ್ಣವನ್ನು ಹತ್ತಿಪ್ಪತ್ತು ಗೆಡ್ಡೆಗಳ ಗುಂಪಾಗಿ ನೆಡಿ. ಎಲ್ಲ ಬೆರೆಸಿ ನೆಟ್ಟರೆ ಯಾವ ಬಣ್ಣವೂ ಕಣ್ಣಿಗೆ ನಿಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ.

ಸಗಣಿ ಮನೆಯಲ್ಲೇ ಇದೆಯೆಂದು ಹಸಿಯದನ್ನು ಸುರಿಯಬೇಡಿ, ಗೆಡ್ಡೆ ಕೊಳೆಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗಬೇಕು, ನೀರು ನಿಲ್ಲಬಾರದು. ಎರಡು ಮೂರು ತಿಂಗಳಲ್ಲಿ ಹೂವು ಬರುತ್ತದೆ.

ಇನ್ನು ಪಶುವೈದ್ಯನಾಗಿ ಹೇಳಬೇಕಾದ ಮಾತು. ಈ ಗಿಡ, ಅದರಲ್ಲೂ ಗೆಡ್ಡೆ, ಜಾನುವಾರುಗಳಿಗೆ ಆಗದು. ತಿಂದರೆ ಜೊಲ್ಲು ಸುರಿಯಬಹುದು, ಭೇದಿಯಾಗಬಹುದು. ಹೂವು ಮುಗಿದು ಎಲೆ ಹಳದಿಯಾದ ಮೇಲೆ ಕಿತ್ತ ಗೆಡ್ಡೆಗಳನ್ನು ಕೊಟ್ಟಿಗೆಯಲ್ಲಿ ಒಣಹಾಕಬೇಡಿ; ಹುಲ್ಲಿನೊಂದಿಗೆ ಬೆರೆತೀತು. ಅಟ್ಟದ ಮೇಲೆ, ಗಾಳಿಯಾಡುವಂತೆ ಇಡಿ. ಕೀಟನಾಶಕ ಹೊಡೆದ ಎಲೆ, ಕಾಂಡವನ್ನೂ ಮೇವಿಗೆ ಹಾಕಬೇಡಿ. ಅದರ ಅಂಶ ಹಾಲಿಗೂ ಇಳಿಯಬಹುದು. ರಾಸು ಗೆಡ್ಡೆ ತಿಂದಿದೆಯೆಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ, ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ ಕೂಡಲೇ ವೈದ್ಯರನ್ನು ಕರೆಸಿ.