ಅಮಾನಿಟ ಅಣಬೆಯ ವಿಷ ಮತ್ತು ವೈದ್ಯಕೀಯ ಸಂಶೋಧನೆ
ಕೊಟ್ಟಿಗೆಹಾರದ ಸುತ್ತಿನಲ್ಲಿ ಮಳೆಗಾಲದ ಅಣಬೆ ಆಹಾರವೂ ಹೌದು, ಆತಂಕವೂ ಹೌದು. ಗೆದ್ದಲ ಹುತ್ತದಿಂದ ಏಳುವ ಹೆಗ್ಗಾಲಣಬೆ ರುಚಿಗೆ ಹೆಸರಾದುದು; ಘಟ್ಟದ ಕಾಡುಗಳಲ್ಲಿಯೂ ಇರುವ ಅಮಾನಿಟ ಕುಲದಲ್ಲಾದರೋ ಕೆಲವು ಪ್ರಭೇದಗಳು ಮಾರಕ. ಅವುಗಳ ಅಮಾನಿಟಿನ್ ವಿಷವು ಬೇಯಿಸಿದರೂ ನಾಶವಾಗದು. 1941ರಲ್ಲಿ ಜರ್ಮನಿಯಲ್ಲಿ ಪ್ರತ್ಯೇಕಿಸಲಾದ ಈ ವಸ್ತು, ಆರ್.ಎನ್.ಎ. ಪಾಲಿಮರೇಸ್-2 ಎಂಬ ಕಿಣ್ವವನ್ನು ತಡೆದು ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಹೆಚ್ಚಿನ ಹಾನಿ ಯಕೃತ್ತಿಗೆ. ವಿಭಜನೆಗೊಳ್ಳದೆ ಸುಪ್ತವಾಗಿರುವ ಕ್ಯಾನ್ಸರ್ ಕೋಶವನ್ನೂ ಕೊಲ್ಲಬಲ್ಲ ಈ ಗುಣವೇ ಸಂಶೋಧಕರನ್ನು ಸೆಳೆದಿದೆ. ವಿಷವನ್ನು ಪ್ರತಿಕಾಯಕ್ಕೆ ಜೋಡಿಸಿ ರೋಗಕೋಶಕ್ಕೇ ತಲುಪಿಸಲೆಂದು ಹೈಡೆಲ್‌ಬರ್ಗ್ ಫಾರ್ಮಾ ಸಂಸ್ಥೆ ರೂಪಿಸಿದ ಔಷಧವನ್ನು 2022ರಲ್ಲಿ ಮಲ್ಟಿಪಲ್ ಮೈಲೋಮಾ ರೋಗಿಗಳಲ್ಲಿ ಪ್ರಯೋಗಿಸಲಾರಂಭಿಸಲಾಯಿತು. ಕಾಡಿನ ಅಣಬೆ ಕಿತ್ತು ತಿನ್ನುವ ಸೀಮೆಗೆ ಇದಕ್ಕಿಂತ ವಿಷಹಾರಿಯ ಶೋಧವೇ ಹತ್ತಿರದ್ದು. ವಾಂತಿ, ಭೇದಿ ತೋರುವುದು ಸಾಮಾನ್ಯವಾಗಿ ಊಟವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ. ವೈದ್ಯರು ರೋಗಪರೀಕ್ಷೆಗೆ ಬಳಸುವ ಇಂಡೋಸಯನೈನ್ ಗ್ರೀನ್ ಬಣ್ಣವು ಈ ವಿಷವನ್ನು ತಗ್ಗಿಸಬಲ್ಲುದೆಂದು 2023ರಲ್ಲಿ ಚೀನಾದ ಸಂಶೋಧಕರು ಇಲಿಗಳಲ್ಲಿ ತೋರಿಸಿದರು.